ಪ್ಲೇಬುಕ್ ತಗೊಂಡು ಬಾ

ಮೂವತ್ತೊಂಬತ್ತು ವರ್ಷದ ಕ್ವಾರ್ಟರ್‌ಬ್ಯಾಕ್‌ನನ್ನು ಇನ್ನೂ ತಂಡದಲ್ಲಿಟ್ಟುಕೊಂಡಿರುವ ಮಾಲೀಕನಿಗೆ ತಲೆ ಕೆಟ್ಟಿದೆ ಎಂದು ನಾನು ಮೂರು ಸೀಸನ್‌ಗಳಿಂದ ಹೇಳುತ್ತಲೇ ಬಂದಿದ್ದೇನೆ. ಯಾರು ಕೇಳುತ್ತಾರೆ? ಅಮೆರಿಕದವರು ಭಾನುವಾರ ರಾತ್ರಿ ಆಡುವ, ಚೆಂಡನ್ನು ಕೈಯಲ್ಲಿ ಹಿಡಿದೋಡುವ ಫುಟ್‌ಬಾಲ್ ಸಿಂಗಪುರಕ್ಕೆ ಸೋಮವಾರ ಬೆಳಿಗ್ಗೆ ಬರುತ್ತದೆ. ಸೋಮವಾರ ನನಗೆ ವರ್ಕ್ ಫ್ರಮ್ ಹೋಮ್. ಲ್ಯಾಪ್‌ಟಾಪಿನಲ್ಲಿ ಆಫೀಸಿನ ಮೀಟಿಂಗ್ ಮ್ಯೂಟ್ ಆಗಿರುತ್ತದೆ, ಟೀವಿಯಲ್ಲಿ ಆ ಮುದುಕ ಚೆಂಡು ಎಸೆಯಲು ನಿಂತಿರುತ್ತಾನೆ, ಸೋಫಾದ ಮೇಲೆ ಕೂತು ನಾನು ಅವನಿಗೆ ಮಂಗಳಾರತಿ ಎತ್ತುತ್ತಿರುತ್ತೇನೆ. ಆ ಆಟದಲ್ಲಿ ಎಲ್ಲರೂ ಓಡುವುದು ಕ್ವಾರ್ಟರ್‌ಬ್ಯಾಕ್ ಕೂಗಿದಂತೆ. ಅವನ ತೋಳು ಹೋಯಿತೆಂದರೆ ತಂಡವೇ ಹೋಯಿತು.

ಅವನೊಬ್ಬನೇ ಅಲ್ಲ, ನಾನು ಯಾರನ್ನೂ ಬಿಟ್ಟವನಲ್ಲ. ಕಿಕ್ಕರ್ ಎನ್ನುವವನಿಗೆ ಮ್ಯಾಚಿಗೆ ನಾಲ್ಕೈದು ಸಲ ಚೆಂಡು ಒದೆಯುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಅದನ್ನೂ ಕಂಬದ ಹೊರಗೆ ಒದ್ದು ಆಮೇಲೆ ನೆಲ ನೋಡುತ್ತಾನೆ, ಹುಲ್ಲೇ ಕೈಕೊಟ್ಟಿತು ಎನ್ನುವ ಹಾಗೆ. ಕಾಲೇಜುಗಳಿಂದ ಹೊಸ ಆಟಗಾರರನ್ನು ಆರಿಸುವ ದಿನ ನಮ್ಮ ಮ್ಯಾನೇಜರ್ ಮದುವೆಗೆ ಗಂಡು ನೋಡಲು ಬಂದವರಂತೆ ಎತ್ತರ ಅಳೆದ, ತೂಕ ಅಳೆದ, ಅಂಗೈ ಅಗಲವನ್ನೂ ಅಳೆದ. ಚೆಂಡು ಹಿಡಿಯಲು ಬರುತ್ತದಾ ಎಂದು ಕೇಳುವುದನ್ನು ಮಾತ್ರ ಮರೆತ. ಕೋಚ್ ಅಂತೂ ಶುದ್ಧ ಪುಕ್ಕಲ. ಮುಂದೆ ಸಾಗಲು ಎರಡೇ ಗಜ ಬೇಕಿರುವ ಕಡೆ ಚೆಂಡನ್ನು ಒದ್ದು ಎದುರಾಳಿಗೆ ದಾನ ಮಾಡುತ್ತಾನೆ. ಇವರೆಲ್ಲರ ಕಾಯಿಲೆ ಒಂದೇ, ದಾಕ್ಷಿಣ್ಯ. ಆಟ ಮುಗಿದವನನ್ನು ಹೊರಗೆ ಕಳಿಸಲು ಯಾರಿಗೂ ಧೈರ್ಯವಿಲ್ಲ.

ಹೊರಗೆ ಕಳಿಸುವುದಕ್ಕೂ ಅಲ್ಲಿ ಒಂದು ಪದ್ಧತಿ ಇದೆ. ತಂಡದ ಆಟದ ನಕ್ಷೆಗಳೆಲ್ಲ ಇರುವ ಪುಸ್ತಕಕ್ಕೆ ಪ್ಲೇಬುಕ್ ಅನ್ನುತ್ತಾರೆ. ಒಬ್ಬ ಬಂದು ಬಾಗಿಲು ತಟ್ಟಿ, ‘ಕೋಚ್ ಕರೀತಿದಾರೆ, ಪ್ಲೇಬುಕ್ ತಗೊಂಡು ಬಾ’ ಎಂದರೆ ಮುಗಿಯಿತು, ಕೆಲಸ ಹೋಯಿತು ಅಂತಲೇ ಅರ್ಥ. ಅಳುವಂತಿಲ್ಲ, ವಾದವಿಲ್ಲ. ಆ ಆಟದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದೇ ಇದು.

ಇದನ್ನು ಹೇಳಿಕೊಟ್ಟವನು ನನ್ನ ಗೆಳೆಯ. ಹದಿಮೂರು ವರ್ಷದ ಹಿಂದೆ ನಾನು ಬೆಂಗಳೂರಿನಿಂದ ಬಂದಾಗ ಬುಕಿತ್ ಬಾಟೋಕ್‌ನಲ್ಲಿ ನಾವಿಬ್ಬರೂ ಒಂದೇ ಫ್ಲ್ಯಾಟಿನಲ್ಲಿದ್ದೆವು. ಅವನು ಅಮೆರಿಕದಲ್ಲಿ ಓದಿ ಬಂದವನು. ಬ್ಲಾಕ್ ಕೆಳಗೆ ಗೋಡೆಯಿಲ್ಲದೆ ಖಾಲಿ ಬಿಟ್ಟಿರುವ ವಾಯ್ಡ್ ಡೆಕ್‌ನ ಕಲ್ಲುಮೇಜಿನ ಮೇಲೆ ಕೆಚಪ್ ಪೊಟ್ಟಣಗಳನ್ನು ಜೋಡಿಸಿ, ಇವನು ಇಲ್ಲಿ ಓಡುತ್ತಾನೆ, ಅವನು ಅಡ್ಡ ಬರುತ್ತಾನೆ ಎಂದು ಆಟ ಕಲಿಸಿದ. ಆಮೇಲೆ ಏಳು ಜನ ಕನ್ನಡದವರನ್ನು ಸೇರಿಸಿ ಒಂದು ತಂಡವನ್ನೇ ಕಟ್ಟಿದ. ಒಬ್ಬರನ್ನೊಬ್ಬರು ಕೆಡವುವ ಆಟವಲ್ಲ, ಸೊಂಟಕ್ಕೆ ರಿಬ್ಬನ್ ಕಟ್ಟಿಕೊಂಡಿರುತ್ತೇವೆ, ಎದುರಾಳಿ ಅದನ್ನು ಕಿತ್ತರೆ ಔಟು. ಶನಿವಾರ ಬೆಳಿಗ್ಗೆ ಬಿಸಿಲೇರುವ ಮುಂಚೆ ಆಡುತ್ತಿದ್ದೆವು. ಅವನು ಕ್ವಾರ್ಟರ್‌ಬ್ಯಾಕ್.

ನೂರು ಹಾಳೆಯ ನೋಟ್‌ಬುಕ್ಕಿನಲ್ಲಿ ಅವನೇ ನಮ್ಮ ಪ್ಲೇಬುಕ್ ಬರೆದಿದ್ದ. ಒಂದೊಂದು ಆಟಕ್ಕೂ ಒಂದೊಂದು ತಿಂಡಿಯ ಹೆಸರು. ಖಾರಾಬಾತ್ ಎಂದರೆ ಎಡಕ್ಕೆ ಉದ್ದದ ಎಸೆತ, ಇಡ್ಲಿ ಎಂದರೆ ನಡುವೆ ಮೆತ್ತಗೆ ಕೊಡುವುದು, ಮದ್ದೂರು ವಡೆ ಎಂದರೆ ಎಲ್ಲರೂ ಬಲಕ್ಕೆ. ಹೋಟೆಲಿನ ಸಪ್ಲೈಯರ್ ಅಡುಗೆಮನೆ ಕಡೆ ತಿರುಗಿ ಆರ್ಡರ್ ಕೂಗುತ್ತಾನಲ್ಲ, ಹಾಗೆ ಹೊಟ್ಟೆಯಿಂದ ಕೂಗುತ್ತಿದ್ದ. ಪಕ್ಕದ ಬಡಾವಣೆಯ ಚೋವಾ ಚು ಕಾಂಗ್ ತಂಡದ ಅಮೆರಿಕನ್ನರೂ ಇಲ್ಲಿಯವರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಒಂದಕ್ಷರ ಅರ್ಥವಾಗುತ್ತಿರಲಿಲ್ಲ ಪಾಪ.

ಕಳೆದ ವರ್ಷದ ಹೊತ್ತಿಗೆ ಅವನಿಗೆ ನಲವತ್ತಾರು. ಮಂಡಿ ಹಿಡಿದುಕೊಳ್ಳುತ್ತಿತ್ತು. ಖಾರಾಬಾತ್ ಕೂಗಿದರೂ ಚೆಂಡು ಇಡ್ಲಿಯಷ್ಟು ದೂರವೇ ಬೀಳುತ್ತಿತ್ತು. ಕ್ಯಾಪ್ಟನ್ ನಾನು. ಎರಡು ಮ್ಯಾಚ್ ಸೋತ ಮೇಲೆ ತಂಡದ ವಾಟ್ಸಾಪ್ ಗ್ರೂಪಿನಲ್ಲಿ ಅವನಿಗೆ ಮಾರ್ಕ್ಸ್ ಕಾರ್ಡ್ ಹಾಕಿದೆ. ತೋಳು ಹತ್ತಕ್ಕೆ ಎರಡು, ಮಂಡಿ ಸೊನ್ನೆ, ಗಂಟಲು ಹತ್ತಕ್ಕೆ ಹತ್ತು. ಎಲ್ಲರೂ ನಕ್ಕರು. ಅವನೂ ಒಂದು ಹೆಬ್ಬೆಟ್ಟು ಒತ್ತಿದ. ಅದನ್ನು ನೋಡಿ ನನಗೆ ಖುಷಿಯೇ ಆಯಿತು.

ಮುಂದಿನ ಬುಧವಾರ ಸಂಜೆ ಅವನಿಗೆ ಮೆಸೇಜ್ ಮಾಡಿದೆ: ‘ಹಾಕರ್ ಸೆಂಟರ್‌ಗೆ ಬಾ. ಪ್ಲೇಬುಕ್ ತಗೊಂಡು ಬಾ.’

ನನ್ನ ಹೆಂಡತಿ ಪಕ್ಕದಿಂದ ಓದಿಬಿಟ್ಟಳು. “ಟೀವಿಯಲ್ಲಿರೋರಿಗೆ ಏನ್ ಬೇಕಾದ್ರೂ ಅನ್ಕೊಳ್ಳಿ. ಇವರು ಶನಿವಾರ ಶನಿವಾರ ನಮ್ಮನೇಲಿ ಊಟ ಮಾಡೋರು ಕಣ್ರೀ,” ಎಂದಳು. ನಿನಗೆ ಆಟ ಅರ್ಥವಾಗಲ್ಲ ಸುಮ್ನಿರು ಎಂದು ಬಾಯಿ ಮುಚ್ಚಿಸಿದೆ.

ಗೆಳೆಯ ಊರಿನ ಉತ್ತರ ತುದಿಯ ಸೆಂಬವಾಂಗ್‌ನಲ್ಲಿ ಬಾಡಿಗೆ ರೂಮು ಮಾಡಿಕೊಂಡು ಒಬ್ಬನೇ ಇದ್ದ. ಡೈವೋರ್ಸ್ ಆಗಿ ನಾಲ್ಕು ವರ್ಷವಾಗಿತ್ತು. ಅಲ್ಲಿಂದ ಎಂಆರ್‌ಟಿ ರೈಲು ಹಿಡಿದು ಬಂದ, ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು. ಏನು ಎಂದು ಕೇಳಲಿಲ್ಲ. ಸಾಲು ತಿಂಡಿ ಅಂಗಡಿಗಳ ನಡುವಿನ ಮೇಜಿನ ಮೇಲೆ ಕವರನ್ನಿಟ್ಟು ಅದರ ಮೇಲೆ ಕೈಯಿಟ್ಟುಕೊಂಡು ಕೂತ.

“ಈ ಸೀಸನ್ ಒಂದು ಆಡಿಬಿಡ್ತೀನಿ ಕಣೋ,” ಎಂದ. “ಡಿಸೆಂಬರ್‌ಗೆ ನನ್ನ ವರ್ಕ್ ಪಾಸ್ ಮುಗಿಯುತ್ತೆ. ಕಂಪನಿಯವರು ರಿನ್ಯೂ ಮಾಡಲ್ಲ ಅಂದಿದಾರೆ. ಆಮೇಲೆ ಊರಿಗೆ ಹೊರಟೇ ಹೋಗ್ತೀನಲ್ಲ.”

“ಸೆಂಟಿಮೆಂಟ್ ಇಟ್ಕೊಂಡು ಟೀಮ್ ನಡೆಸೋಕಾಗಲ್ಲ ಗುರು.”

“ಎರಡೇ ತಿಂಗಳು. ಬೇಕಾದ್ರೆ ನೀನೇ ಎಸಿ. ನಾನು ಸುಮ್ನೆ ನಿಂತು ಕೂಗ್ತೀನಿ ಅಷ್ಟೆ. ಶನಿವಾರ ಬಿಟ್ರೆ ವಾರದಲ್ಲಿ ನಾನು ಕನ್ನಡ ಮಾತಾಡೋದೇ ಇಲ್ಲ ಮಾರಾಯ.”

ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ. ಆಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಇಡೀ ಅಮೆರಿಕದಲ್ಲಿ ಯಾವ ಮ್ಯಾನೇಜರಿಗೂ ಇಲ್ಲದ ಗುಂಡಿಗೆ ನನಗಿದೆ. “ಕನ್ನಡ ಮಾತಾಡೋಕೆ ಕನ್ನಡ ಸಂಘಕ್ಕೆ ಹೋಗು,” ಎಂದೆ. ಅವನ ಕೈ ಕೆಳಗಿನಿಂದ ಕವರನ್ನು ಎಳೆದುಕೊಂಡೆ. ಅವನ ಕಾಫಿ ಹಾಗೇ ಆರುತ್ತಿತ್ತು. ಮಂಡಿ ಹಿಡಿದುಕೊಂಡು ಎದ್ದು ಹೋದ. ಆ ಶನಿವಾರದಿಂದ ಎಸೆಯುವವನೂ ಕೂಗುವವನೂ ನಾನೇ.

ಮೂರು ವಾರವಾದ ಮೇಲೆ ಸುದ್ದಿ ಬಂತು, ಅವನು ಚೋವಾ ಚು ಕಾಂಗ್ ತಂಡ ಸೇರಿದ್ದಾನೆ ಎಂದು. ನಮ್ಮ ಕೊನೆಯ ಮ್ಯಾಚು, ಕಪ್ ಯಾರಿಗೆ ಎಂದು ತೀರ್ಮಾನಿಸುವ ಮ್ಯಾಚು, ಅವರ ಮೇಲೆಯೇ ಇತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ನಕ್ಷೆ ಬರೆದವನೇ ಎದುರುಗಡೆ ನಿಂತರೆ ಇನ್ನೇನು ಉಳಿಯಿತು? ಖಾರಾಬಾತ್ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಇಂಗ್ಲಿಷಿನಲ್ಲಿ ಎಲ್ಲರಿಗೂ ಬಡಿಸಿಬಿಡುತ್ತಾನೆ. ತಾವೇ ಹೊರಗೆ ಕಳಿಸಿದ ಆಟಗಾರ ಎದುರಾಳಿಯ ಕಡೆ ಸೇರಿದ ಮೇಲೂ ತಮ್ಮ ಸಂಕೇತಗಳನ್ನು ಬದಲಾಯಿಸದ ಒಂದು ತಂಡವನ್ನು ಆ ಸೀಸನ್ನಿನಲ್ಲೇ ನಾನು ಕತ್ತೆಗಳು ಎಂದು ಬೈದಿದ್ದೆ. ನಾನು ಕತ್ತೆಯಾಗುವವನಲ್ಲ. ಗ್ರೂಪಿನಲ್ಲಿ ಅವನನ್ನು ಮನೆಮುರುಕ ಎಂದು ಬರೆದು, ಶುಕ್ರವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಎಲ್ಲ ಆಟಗಳಿಗೂ ಹೊಸ ಹೆಸರಿಟ್ಟೆ. ತಿಂಡಿಗಳೆಲ್ಲ ಬೆಂಗಳೂರಿನ ಬಡಾವಣೆಗಳಾದವು. ಎಡಕ್ಕೆ ಯಶವಂತಪುರ, ಬಲಕ್ಕೆ ಇಂದಿರಾನಗರ, ನಡುವೆ ಮೆಜೆಸ್ಟಿಕ್.

“ಸರ್, ನಾನು ಮೈಸೂರಿನವನು,” ಎಂದ ನಮ್ಮ ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವನು. “ನಂಗೆ ಮೆಜೆಸ್ಟಿಕ್ ಒಂದೇ ಗೊತ್ತು.”

“ಬಾಯಿಪಾಠ ಮಾಡಪ್ಪ. ಇಂಜಿನಿಯರ್ ತಾನೇ ನೀನು?”

ಶನಿವಾರ ಗೆಳೆಯ ಅವರ ಹಸಿರು ಅಂಗಿ ಹಾಕಿಕೊಂಡು ಬಂದಿದ್ದ. ಮಂಡಿಗೆ ಪಟ್ಟಿ. ಅರ್ಧ ಆಟ ಹೊರಗೇ ಕೂತಿದ್ದ. ಆಮೇಲೆ ಅವರಲ್ಲಿ ಒಬ್ಬನಿಗೆ ಕಾಲು ಉಳುಕಿ ಇವನನ್ನು ಒಳಗೆ ಕರೆದರು. ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ನನ್ನ ಬಾಯಿಯನ್ನೇ ನೋಡುತ್ತಾ ನಿಂತ. ಕದಿಯೋಕೆ ನಿಂತಿದ್ದಾನೆ ಕಳ್ಳ ಎಂದುಕೊಂಡು ನಾನು ‘ಇಂದಿರಾನಗರ’ ಎಂದು ಕೂಗಿದೆ. ಅವನ ಮುಖ ಒಂದು ಥರ ಆಯಿತು. ನನಗೋ ಸಂತೋಷ, ಹೇಗೆ ಸಿಕ್ಕಿಬಿದ್ದ ನೋಡು ಎಂದು.

ಸಿಕ್ಕಿಬಿದ್ದವರು ನಾವು. ಇಬ್ಬರು ಬಲಕ್ಕೆ ಹೋದರು, ಒಬ್ಬ ಎಡಕ್ಕೆ, ಇನ್ನೊಬ್ಬ ನಿಂತಲ್ಲೇ ಯೋಚಿಸಿದ. ಪಾಯಿಂಟ್ ಸಮವಾಗಿದ್ದು ಕೊನೆಯ ನಿಮಿಷ ಉಳಿದಿದ್ದಾಗ ‘ಯಶವಂತಪುರ’ ಎಂದೆ. ಮೈಸೂರಿನವನು ಪ್ರಾಣ ಹೋಗುವಂತೆ ಬಲಕ್ಕೆ ಓಡಿದ. ನಾನು ಎಡಕ್ಕೆ ಎಸೆದ ಚೆಂಡು ಅವರಲ್ಲೊಬ್ಬನ ಎದೆಗೆ ಹೋಗಿ ಬಿತ್ತು. ಅವನು ಅದನ್ನು ಹಿಡಿದು ಕೊನೆಯ ಗೆರೆಯವರೆಗೂ ಆರಾಮಾಗಿ ಓಡಿದ, ಅಡ್ಡಿಪಡಿಸಲು ನಮ್ಮವರು ಯಾರೂ ಆ ಕಡೆ ಇರಲಿಲ್ಲ. ಸೋತೆವು. ನಮ್ಮವರು ತಮ್ಮ ತಮ್ಮ ಬ್ಯಾಗ್ ಎತ್ತಿಕೊಂಡು ಹೊರಟರು.

ಶೂ ಬಿಚ್ಚುತ್ತಿದ್ದೆ. ಅವನು ಕುಂಟುತ್ತಾ ಬಂದು ಎದುರು ನಿಂತ.

“ಹೆಸರು ಯಾಕೋ ಬದಲಾಯಿಸ್ದೆ?”

“ನೀನು ಎಲ್ಲಾ ಹೇಳ್ಕೊಟ್ಟಿರ್ತೀಯ ಅಂತ ಗೊತ್ತಿರಲ್ವಾ ನಂಗೆ?”

“ಯಾರಿಗೂ ಏನೂ ಹೇಳಿಲ್ಲ ಕಣೋ. ಹೋಗಿ ಕೇಳು ಬೇಕಾದ್ರೆ.”

“ಮತ್ತೆ ಅವರ ಕಡೆ ಯಾಕೆ ಸೇರಿದೆ?”

ಬೆವರು ಒರೆಸಿಕೊಂಡ.

“ನೀನಂತೂ ಒಳಗೆ ಬಿಟ್ಕೊಳ್ಳಲಿಲ್ಲ. ಎದುರುಗಡೆ ನಿಂತ್ರೂ ಕಿವಿಗೆ ಬೀಳುತ್ತಲ್ಲ ಅಂತ ಬಂದೆ. ಹೋಗೋಕೆ ಮುಂಚೆ ಒಂದ್ಸಲ ಖಾರಾಬಾತ್ ಅಂತ ಕೂಗ್ತೀಯೇನೋ ಅಂತ ಆಟ ಪೂರ್ತಿ ಕಾಯ್ತಾ ಇದ್ದೆ.”

ಬ್ಯಾಗ್ ಹೆಗಲಿಗೇರಿಸಿಕೊಂಡು ಎಂಆರ್‌ಟಿ ಕಡೆ ಹೊರಟ. ಮಂಡಿ ನೋವಿಗೆ ನಿಧಾನವಾಗಿ ನಡೆಯುತ್ತಿದ್ದ, ರಸ್ತೆ ದಾಟಲು ಬಹಳ ಹೊತ್ತು ಬೇಕಾಯಿತು. ನೋಟ್‌ಬುಕ್ ಅದೇ ಪ್ಲಾಸ್ಟಿಕ್ ಕವರಿನಲ್ಲಿ ನನ್ನ ಬ್ಯಾಗಿನಲ್ಲೇ ಇತ್ತು. ಕೂಗಿ ಕರೆದು ಕೊಡಬಹುದಿತ್ತು. ಕೊಡಲಿಲ್ಲ.