ನೆರೆಮನೆಯ ಲ್ಯಾವೆಂಡರಿಗೆ ಕತ್ತರಿ

ನಮ್ಮ ಜಗಲಿಗೆ ಬಂದವರು ಕುಂಡದ ಲ್ಯಾವೆಂಡರಿನಿಂದ ಒಂದು ಎಲೆ ಚಿವುಟಿ, ಬೆರಳಲ್ಲಿ ಉಜ್ಜಿ, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಯೋಚಿಸಿ ಹೇಳುವ ಮಾತು ಒಂದೇ: "ನೆಲ ಒರೆಸುವ ಫಿನಾಯಿಲಿನ ಪರಿಮಳ, ಅಲ್ವಾ?"

ತಪ್ಪು ಅವರದ್ದಲ್ಲ. ನಮ್ಮ ಬಂಟ್ವಾಳದ ಕಡೆಗೆ ಲ್ಯಾವೆಂಡರ್ ಗಿಡವಾಗಿ ಬರುವ ಎಷ್ಟೋ ಮೊದಲೇ ಸಾಬೂನಾಗಿ, ಪೌಡರಾಗಿ, ಊದುಬತ್ತಿಯಾಗಿ, ಕೊನೆಗೆ ಬಚ್ಚಲಿನ ಬಾಟಲಿಯಾಗಿ ಬಂದಿತ್ತು. ಈಗ ಅಸಲು ಗಿಡ ಎದುರು ನಿಂತರೆ ಅದೇ ನಕಲಿಯ ಹಾಗೆ ಕಾಣುತ್ತದೆ. ಲ್ಯಾವೆಂಡರ್ ಎಂಬ ಹೆಸರು ತೊಳೆಯುವುದಕ್ಕೆ ಹೇಳುವ ಲ್ಯಾಟಿನ್ ಮಾತಿನಿಂದ ಬಂತೆಂದು ಕೆಲವು ಪಂಡಿತರ ಅಭಿಪ್ರಾಯ. ಹಾಗಾದರೆ ಫಿನಾಯಿಲ್ ಎಂದ ನಮ್ಮ ನೆಂಟರೂ ಪಂಡಿತರೇ.

ಗಿಡ ನನ್ನದಲ್ಲ, ಪಕ್ಕದ ಮನೆಯ ಮೈಮೂನಾಳದು. ನರಿಕೊಂಬಿನಲ್ಲಿ ನಮ್ಮೆರಡು ಮನೆಗಳ ನಡುವೆ ಎದೆಮಟ್ಟದ ಒಂದು ಗೋಡೆ ಉಂಟು. ಅದರ ಆಚೆ ಮೈಮೂನಾಳ ಮಲ್ಲಿಗೆ, ಈಚೆ ಅದರ ಪರಿಮಳ. ಅಂಥ ಮಲ್ಲಿಗೆ ಬೆಳೆಸುವವಳು ಬೆಳ್ತಂಗಡಿಯ ಮದುವೆಗೆ ಹೋಗಿ ಬರುವಾಗ ಗುರುವಾಯನಕೆರೆಯ ನರ್ಸರಿಯಲ್ಲಿ ಈ ಲ್ಯಾವೆಂಡರಿಗೆ ಮನಸೋತು ಬಂದಿದ್ದಳು. ಅದೂ ಮೂರನೆಯ ಸಲ. ಮೊದಲಿನ ಎರಡು ಗಿಡಗಳು ಆಟಿ ತಿಂಗಳ ಮಳೆಯಲ್ಲಿ ಬುಡ ಕೊಳೆತು ಹೋಗಿದ್ದವು. "ಇದೂ ಹೋದರೆ ನನಗೂ ಅದಕ್ಕೂ ಋಣ ಇಲ್ಲ ಅಂತ ಬಿಟ್ಟುಬಿಡ್ತೇನೆ" ಎಂದಿದ್ದಳು.

ಅಷ್ಟರಲ್ಲಿ ಶಾರ್ಜಾದಲ್ಲಿರುವ ಮಗಳ ಬಾಣಂತನಕ್ಕೆ ಹೊರಡಬೇಕಾಯಿತು. ಮಲ್ಲಿಗೆಯನ್ನು ಗಂಡ ಹಮೀದ್ ಕಾಕನಿಗೆ ಒಪ್ಪಿಸಿ, ಲ್ಯಾವೆಂಡರನ್ನು ಎತ್ತಿಕೊಂಡು ನಮ್ಮ ಜಗಲಿಗೆ ಬಂದಳು. ಕಾರಣ ಸರಳ. ಕಾಕ ಬೆಳಿಗ್ಗೆ ಬಂಗುಡೆ ಮೀನು ತೊಳೆದ ನೀರನ್ನು ಕಂಡಕಂಡ ಗಿಡಕ್ಕೆಲ್ಲ ಸುರಿಯುವವರು. ಮಲ್ಲಿಗೆಗೆ ಅದು ಅಮೃತ, ಲ್ಯಾವೆಂಡರಿಗೆ ನೀರು ಎಂಬುದೇ ಅಷ್ಟಕ್ಕಷ್ಟೆ.

"ಅಕ್ಕ, ನಮ್ಮವರ ಮಾತು ಕೇಳ್ಬೇಡಿ" ಎಂದಳು ಮೈಮೂನಾ. "ಮಣ್ಣು ಒಣಗಿದ ಮೇಲೆ ಮಾತ್ರ ನೀರು. ಮತ್ತೆ ಕತ್ತರಿ ಮುಟ್ಟಿಸ್ಬೇಡಿ. ಎಷ್ಟು ಕಷ್ಟದಲ್ಲಿ ಹೂ ಬಿಟ್ಟಿದೆ ಅದು."

ನೀರಿನ ವಿಷಯದಲ್ಲಿ ನಾನು ಪಾಸು. ಕಷ್ಟ ಬಂದದ್ದು ಕತ್ತರಿಯಲ್ಲಿ. ಬೇಸಿಗೆ ಏರಿದ ಹಾಗೆ ಹೂಗಳು ಒಣಗಿದವು, ಗಿಡ ಮಾತ್ರ ಮೇಲೆ ಮೇಲೆ ಹೋಯಿತು. ತಲೆಯಲ್ಲಿ ಪೊದೆ, ಕಾಲಲ್ಲಿ ಬರೀ ಕಡ್ಡಿ. ಹೀಗೇ ಬಿಟ್ಟರೆ ಮಳೆಗಾಲದಲ್ಲಿ ಗಾಳಿಯಾಡದೆ ಒಳಗೊಳಗೇ ಕೊಳೆಯುತ್ತದೆ ಎಂದು ತಿಳಿಯುವುದಕ್ಕೆ ದೊಡ್ಡ ವಿದ್ಯೆ ಬೇಡ. ಮೊದಲಿನೆರಡು ಹೋದದ್ದೂ ಹಾಗೆಯೇ.

ಆದರೂ ವಿದ್ಯೆಗಾಗಿ ಮೊಬೈಲ್ ಹಿಡಿದೆ. ಅಗಲ ಟೊಪ್ಪಿಯ ಒಬ್ಬ ವಿದೇಶಿ ಹೆಂಗಸು ನೇರಳೆ ಹೊಲದ ನಡುವೆ ನಿಂತು, ಹೂ ಮುಗಿದ ಕೂಡಲೇ, ಹಿಮ ಬೀಳುವ ಮೊದಲು ಕತ್ತರಿಸಿ ಎಂದಳು. ನಮ್ಮಲ್ಲಿ ಹಿಮ ಬೀಳುವುದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಚಳಿಗಾಲವೋ, ಕಪಾಟಿನಿಂದ ಕಂಬಳಿ ಹುಡುಕಿ ತೆಗೆಯುವಷ್ಟರಲ್ಲಿ ಮುಗಿದಿರುತ್ತದೆ. ಹಾಗಾಗಿ ಅವಳ ಮಾತನ್ನು ಊರಿನ ಪಂಚಾಂಗಕ್ಕೆ ಇಳಿಸಿಕೊಂಡೆ: ಹೂ ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು. ಎಲೆ ಇರುವ ಹಸಿರು ಭಾಗದಲ್ಲಿ ಮಾತ್ರ, ಮೂರರಲ್ಲೊಂದು ಪಾಲು. ಕೆಳಗಿನ ಬೋಳು ಕಡ್ಡಿಗೆ ಕತ್ತರಿ ತಾಗಿದರೆ ಅದು ಮತ್ತೆ ಚಿಗುರುವ ಭರವಸೆ ಇಲ್ಲ.

ಈ ಕೊನೆಯ ಮಾತು ಹಮೀದ್ ಕಾಕನಿಗೆ ಒಪ್ಪಿಗೆಯಾಗಲಿಲ್ಲ. ಅವರು ನನ್ನನ್ನು ಅಕ್ಕ ಎನ್ನುತ್ತಾರೆ, ನಾನು ಅವರನ್ನು ಕಾಕ ಎನ್ನುತ್ತೇನೆ. ವಯಸ್ಸಿನಲ್ಲಿ ಯಾರು ದೊಡ್ಡವರೆಂಬುದನ್ನು ಇಬ್ಬರೂ ಇತ್ಯರ್ಥಕ್ಕೆ ತಂದಿಲ್ಲ. ಗೋಡೆಯ ಮೇಲೆ ಕೈಯೂರಿ ಅವರು ಹೇಳಿದರು: "ಮಲ್ಲಿಗೆಯನ್ನು ನಾವು ಬುಡಕ್ಕೇ ತೆಗೆಯುವುದಲ್ವಾ ಅಕ್ಕ? ಮತ್ತೆ ಹೇಗೆ ಬರ್ತದೆ ನೋಡಿ. ಕತ್ತಿ ಉಂಟು, ಒಂದೇ ಏಟಿಗೆ ಮಾಡಿಕೊಡ್ತೇನೆ."

"ಬೇಡ ಕಾಕ. ಇದು ಮಲ್ಲಿಗೆಯ ಜಾತಿ ಅಲ್ಲ, ತುಳಸಿಯ ಕಡೆಯವರು."

"ತುಳಸಿಯಾ? ಹಾಗಾದರೆ ನಿಮ್ಮ ಕಡೆಯವರೇ" ಎಂದು ನಕ್ಕು ಒಳಗೆ ಹೋದರು. ನಾನು ಆ ದಿನವಿಡೀ ಕುಂಡಕ್ಕೆ ಕಾವಲು ಕೂತೆ.

ಲ್ಯಾವೆಂಡರ್, ತುಳಸಿ, ಪುದೀನ, ದೊಡ್ಡಪತ್ರೆ ಎಲ್ಲ ಒಂದೇ ಕುಟುಂಬ ಎಂಬುದು ಸಸ್ಯಶಾಸ್ತ್ರದ ಮಾತು. ಇದರಿಂದ ನನಗೆ ಸ್ವಲ್ಪ ಧೈರ್ಯ ಬಂದದ್ದು ನಿಜ. ನನ್ನ ಅತ್ತೆ ತುಳಸಿಯ ಕದಿರನ್ನು ಬಿಡದೆ ಚಿವುಟುತ್ತಿದ್ದರು. ಕದಿರು ಬಿಟ್ಟುಕೊಂಡೇ ಇದ್ದರೆ ಗಿಡ ಬೇಗ ಮುದಿಯಾಗುತ್ತದೆ ಎನ್ನುತ್ತಿದ್ದರು. ಆದರೆ ಅತ್ತೆ ಚಿವುಟಿದ್ದು ಸ್ವಂತ ತುಳಸಿಯನ್ನು. ಇಲ್ಲಿರುವುದೋ, ಕತ್ತರಿ ಬೇಡ ಎಂದು ಹೇಳಿ ಹೋದವಳ ಗಿಡ.

ಅವಳೋ ದಿನ ಬಿಟ್ಟು ದಿನ ವೀಡಿಯೋ ಕಾಲ್ ಮಾಡಿ, "ಎಲ್ಲಿ, ನನ್ನ ಗಿಡ ತೋರಿಸಿ" ಎನ್ನುವಳು. ನಾನು ಫೋನನ್ನು ಎತ್ತರಕ್ಕೆ ಹಿಡಿದು, ಬೋಳು ಕಾಲು ಕಾಣದ ಹಾಗೆ ತಲೆಯನ್ನಷ್ಟೇ ತೋರಿಸುತ್ತಿದ್ದೆ. ಸ್ಟುಡಿಯೋದವರು ವಧುವಿನ ಫೋಟೋ ತೆಗೆಯುವ ಕ್ರಮ. "ಮಾಶಾ ಅಲ್ಲಾಹ್, ಎಷ್ಟು ಉದ್ದ ಬಂದಿದೆ" ಎಂದು ಅವಳಿಗೆ ಸಂತೋಷ. ಆ ಸಂತೋಷದ ಎದುರು ಕತ್ತರಿಯ ಮಾತು ಎತ್ತುವುದು ಹೇಗೆ?

ಅಷ್ಟರಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು, ತಲೆ ತುಂಬ ಕಪ್ಪು ಕೂದಲು. ಫೋನಿನಲ್ಲಿ ಕಂಡು ನಾನೇ ಹೊಗಳಿದೆ. ಮತ್ತೆ ಕೆಲವು ದಿನ ಮೈಮೂನಾಳಿಗೆ ಬಿಡುವಿಲ್ಲ. ಇತ್ತ ಸಂಜೆ ಸಂಜೆ ಗುಡುಗು ಶುರುವಾಯಿತು. "ಸ್ವಲ್ಪ ಕತ್ತರಿಸಲಾ?" ಎಂದು ಕಳಿಸಿದ ಮೆಸೇಜನ್ನು ಅವಳು ನೋಡಲೇ ಇಲ್ಲ.

ನಮ್ಮವರು ಪೇಪರಿನಿಂದ ತಲೆ ಎತ್ತದೆ ಹೇಳಿದರು: "ಗಿಡ ಸತ್ತ ಮೇಲೆ ಅವಳ ಮಾತು ಮೀರಲಿಲ್ಲ ಅಂತ ಹೇಳ್ಲಿಕ್ಕೆ ಉಂಟಾ? ಕತ್ತರಿಸು ಮಾರಾಯ್ತಿ."

ಮರುದಿನ ಒಳ್ಳೆಯ ಬಿಸಿಲು. ಎಲೆಯ ಮೇಲಿನ ಇಬ್ಬನಿ ಆರುವವರೆಗೆ ಕಾದೆ. ಕತ್ತರಿಯನ್ನು ಬಿಸಿನೀರಲ್ಲಿ ತೊಳೆದು ಒರೆಸಿದೆ. ಗಿಡವನ್ನು ಮುಷ್ಟಿಯಲ್ಲಿ ಜಡೆ ಹಿಡಿದ ಹಾಗೆ ಹಿಡಿದು, ಕೆಳಗೆ ಎಲೆ ಉಂಟೆಂದು ನೋಡಿ ನೋಡಿ ಕತ್ತರಿಸಿದೆ. ಮುಗಿದಾಗ ಅದು ಸೆಲೂನಿನಿಂದ ಹೊರಬಂದ ಶಾಲೆಯ ಹುಡುಗನ ಹಾಗೆ, ಕಿವಿಯೇ ದೊಡ್ಡದಾಗಿ ಕಾಣುತ್ತ ನಿಂತಿತ್ತು.

ಸಂಜೆ ಅವಳ ಕಾಲ್ ಬಂತು. ಮೊದಲನೆಯದನ್ನು ನಾನು ಎತ್ತಲಿಲ್ಲ. ಎರಡನೆಯದಕ್ಕೆ ಎತ್ತಿದರೆ, ಯಾವಾಗಲೂ ಗಿಡ ಎಲ್ಲಿ ಎನ್ನುವವಳು ಈ ಸಲ ತಡವರಿಸುತ್ತಿದ್ದಳು. ಮಗುವಿನ ಹುಬ್ಬಿನಿಂದ ಕೆಳಗೆ ಮಾತ್ರ ತೋರಿಸುತ್ತಿದ್ದಳು. ಮತ್ತೆ ಮೆಲ್ಲ ಫೋನು ಮೇಲೆತ್ತಿದಳು. ನುಣ್ಣಗಿನ ಬೋಳು ತಲೆ.

"ನಿಮಗೆ ಇಷ್ಟವಾದ ಕೂದಲು ಹೋಯ್ತು ಅಕ್ಕ. ಏಳನೇ ದಿನ ತೆಗೀಬೇಕಲ್ವಾ ನಮ್ಮಲ್ಲಿ? ಮಗು ಮಲಗಿಯೇ ಇತ್ತು. ಅತ್ತದ್ದು ನನ್ನ ಮಗಳು."

ಇದಕ್ಕಿಂತ ಒಳ್ಳೆಯ ಮುಹೂರ್ತ ಇನ್ನು ಸಿಗುವುದಿಲ್ಲವೆಂದು ನಾನು ಸುಮ್ಮನೆ ಫೋನನ್ನು ಗಿಡದ ಕಡೆಗೆ ತಿರುಗಿಸಿದೆ.

ಶಾರ್ಜಾದ ಮುಖ ಪರದೆಗೆ ಹತ್ತಿರ ಬಂತು. ಆಮೇಲೆ, "ಅದರದ್ದೂ ಬೋಳಿಸಿದಿರಾ?"

"ಬೋಳಿಸಿದ್ದಲ್ಲ, ಎಲೆ ಬಿಟ್ಟಿದ್ದೇನೆ. ಮಳೆಗೆ ಕೊಳೆಯುವುದು ಬೇಡ ಅಂತ."

"ಹತ್ತಿರ ಹಿಡಿಯಿರಿ. ಇನ್ನೂ ಹತ್ತಿರ. ಆ ಬದಿ." ಒಂದೊಂದೇ ಕಡ್ಡಿ ನೋಡಿದಳು. "ಎಲ್ಲದರಲ್ಲೂ ಎಲೆ ಉಂಟಲ್ವಾ, ಹಾಗಾದರೆ ಬರ್ತದೆ" ಎಂದಳು. ಮತ್ತೆ, "ನಾನು ಇದ್ದಿದ್ದರೆ ಕತ್ತರಿಸ್ತಿರಲಿಲ್ಲ ಅಕ್ಕ. ನನ್ನಿಂದ ಆಗ್ತಿರಲಿಲ್ಲ. ಇದೂ ಹೋಗ್ತಿತ್ತು."

ಈಗ ಮಳೆ ಹಿಡಿದಿದೆ. ಕುಂಡವನ್ನು ಮಳೆ ತಾಗದ ಹಾಗೆ ಮಾಡಿನ ಕೆಳಗೆ, ಗಾಳಿ ಬರುವ ಮೂಲೆಗೆ ಸರಿಸಿದ್ದೇನೆ. ಕತ್ತರಿಸಿದಲ್ಲೆಲ್ಲ ಬೂದುಹಸಿರಿನ ಸಣ್ಣ ಸಣ್ಣ ಚಿಗುರು. ಕಾಕ ದಿನಾ ಗೋಡೆಯಾಚೆಯಿಂದ ಇಣುಕಿ, ಕತ್ತಿಯಲ್ಲಾಗಿದ್ದರೆ ಇನ್ನೂ ಬೇಗ ಬರುತ್ತಿತ್ತು ಎನ್ನುತ್ತಾರೆ.

ಗಿಡ ಯಾವಾಗ ಕತ್ತರಿಸಬೇಕು, ಎಷ್ಟು ಕತ್ತರಿಸಬೇಕು ಎಂದು ಟೊಪ್ಪಿಯ ಹೆಂಗಸು ಚೆನ್ನಾಗಿಯೇ ಹೇಳಿದ್ದಾಳೆ. ಯಾರು ಕತ್ತರಿಸಬೇಕೆಂದು ಹೇಳಲಿಲ್ಲ. ಮಗುವಿನ ಕೂದಲು ತೆಗೆಯುವುದಕ್ಕೆ ತಾಯಿಯನ್ನು ಕರೆಯುವ ಪದ್ಧತಿ ನಾನು ಕಂಡ ಯಾವ ಮನೆಯಲ್ಲೂ ಇಲ್ಲ. ನಮ್ಮ ಅಂಗಳದ ದಾಸವಾಳ ಅಡುಗೆಮನೆಯ ಕಿಟಕಿಗೆ ಅಡ್ಡ ಬೆಳೆದು, ಮಟಮಟ ಮಧ್ಯಾಹ್ನವೂ ನಾನು ಲೈಟು ಹಾಕಿಯೇ ಒಗ್ಗರಣೆ ಹಾಕುವುದು; ಆದರೂ ಅದಕ್ಕೆ ಕತ್ತರಿ ಇಡಲು ನನಗೆ ಮನಸ್ಸು ಬರುವುದಿಲ್ಲ. ಮೈಮೂನಾ ಊರಿಗೆ ಬಂದ ಮೇಲೆ ಕತ್ತರಿ ಅವಳ ಕೈಗೆ ಕೊಟ್ಟು, ನಾನು ಒಳಗೆ ಹೋಗಿ ಚಹಾಕ್ಕೆ ಇಡುವುದೆಂದು ಮಾತಾಗಿದೆ.