ಪೇಪರಿನಲ್ಲಿ ಇರದಿದ್ದ ಸುದ್ದಿ

1968ರ ಯುಗಾದಿ ಕಳೆದ ವಾರ, ಬೆಂಗಳೂರಿಗೆ ಹತ್ತಿರದ ವಿಜಯಪುರದ ನಮ್ಮ ಅರಳೀಕಟ್ಟೆಯ ಮೇಲೆ ಪೇಪರ್ ಹಿಡಿದು, ಅದರಲ್ಲಿ ಇಲ್ಲದ ಸುದ್ದಿಯೊಂದನ್ನು ನಾನು ಗಟ್ಟಿಯಾಗಿ ಓದಿದೆ. ಕೆಳಗಿನ ಬೀದಿಯ ಯಜಮಾನ ಮುನಿಶಾಮಪ್ಪನವರು ಆಡದ ಮಾತನ್ನು ಅವರ ಹೆಸರಿಗೆ ಕಟ್ಟಿದೆ.

ಆಗ ನಾನು ಬೆಂಗಳೂರಿನ ಪತ್ರಿಕೆಯೊಂದಕ್ಕೆ ಊರಿನ ವರದಿಗಾರ. ಮೊದಲ ಬಸ್ಸಿಗೆ ಬಂದ ಪೇಪರನ್ನು ದಿನವೂ ಕಟ್ಟೆಯ ಮೇಲೆ ಓದಿ ಹೇಳುತ್ತಿದ್ದೆ. ಪಂಚಾಯಿತಿ ಚುನಾವಣೆಯಲ್ಲಿ ಮುರಿದುಕೊಂಡಿದ್ದ ಮೇಲಿನ ಬೀದಿ, ಕೆಳಗಿನ ಬೀದಿಯವರು ಒಂದೆಡೆ ಕೂರುತ್ತಿದ್ದುದು ಅಲ್ಲಿ ಮಾತ್ರ — ಅದೂ ಆ ಮಗ್ಗುಲಿಗೆ ಅವರು, ಈ ಮಗ್ಗುಲಿಗೆ ಇವರು.

ಎರಡೂ ಬೀದಿಗೆ ಬಾವಿ ಒಂದೇ. ಪ್ರತಿ ಬೇಸಿಗೆ ಮನೆಗೊಂದಾಳು ಬಂದು ಹೂಳು ಎತ್ತುವುದು ವಾಡಿಕೆ. ಹಗ್ಗದ ಮೊದಲ ಹಿಡಿ ಕೆಳಗಿನ ಬೀದಿಯ ಯಜಮಾನನದು. ಜಗಳವಾದ ಮೇಲೆ ಯಾರೂ ಹಗ್ಗ ಮುಟ್ಟಲಿಲ್ಲ. ಊರಿನ ಹೊಟ್ಟೆಪಾಡು ಚರಕದಲ್ಲಿ ರೇಷ್ಮೆ ನೂಲು ತೆಗೆಯುವುದು; ಅದಕ್ಕೆ ಗೂಡು ಬೇಯಿಸಲು ತಿಳಿನೀರು ಬೇಕು. ಬಾವಿಯಲ್ಲಿ ಬರುತ್ತಿದ್ದುದು ಕೆಸರು. ಒಂದೊಂದೇ ಮನೆಯ ಚರಕ ನಿಲ್ಲತೊಡಗಿತು. ಆದರೂ ಇವರದು ಒಂದೇ ಹಟ, ಅವರದೂ ಅದೇ — ಅವರೇ ಮೊದಲು ಕರೆಯಲಿ.

ನಾನು ಓದಿದೆ: ‘ಭಾನುವಾರ ಬಾವಿಯ ಹೂಳು ಎತ್ತಲು ಮೇಲಿನ ಬೀದಿಯವರನ್ನು ಮುನಿಶಾಮಪ್ಪನವರು ಕರೆದಿದ್ದಾರೆ.’

ಮೇಲಿನ ಬೀದಿಯ ಚಿಕ್ಕಣ್ಣ ಬೀಡಿ ಕೆಳಗಿಳಿಸಿದ. “ಏನ್ ಮುನಿಶಾಮಣ್ಣ, ಎದುರಿಗ್ ಕುಂತಿರೋರ್ನ ಬೆಂಗ್ಳೂರಿಂದ ಕರೀತೀಯಾ?”

ಮುನಿಶಾಮಪ್ಪನವರು ಎದ್ದು ಬಂದು ನನ್ನ ಕೈಯಿಂದ ಪೇಪರ್ ತೆಗೆದುಕೊಂಡರು. ನನಗೆ ಭಯವಾಗಲಿಲ್ಲ — ಅವರಿಗೆ ಓದು ಬಾರದೆಂದು ನಂಬಿದ್ದೆ. ಹಾಳೆಯನ್ನು ಮೇಲಿನಿಂದ ಕೆಳಕ್ಕೆ ನೋಡಿದರು. ಮಡಚಿ ಕಂಕುಳಲ್ಲಿ ಇಟ್ಟುಕೊಂಡರು.

“ಹೂಂ. ಹಾಕವ್ರೆ. ಬಾನ್ವಾರ ಮನೆಗೊಂದಾಳು ಬರ್ರಪ್ಪ.”

ಬಂದರು. ಅದನ್ನು ನೆನೆದರೆ ಇಂದಿಗೂ ಎದೆ ತುಂಬುತ್ತದೆ. ಬಾವಿಯೊಳಗೆ ಮೇಲಿನ ಬೀದಿಯವರು, ಹಗ್ಗ ಎಳೆಯಲು ಕೆಳಗಿನ ಬೀದಿಯವರು, ಕೆಸರು ತುಂಬಿದ ಮಂಕರಿ ಕೈ ಬದಲಿಸಲು ಎರಡೂ ಬೀದಿಯ ಹೆಂಗಸರು. “ನಿಧಾನ ಎಳೀರೋ! ವೋಟು ಹಾಕ್ಲಿಲ್ಲ ಅಂತ ತಲೆ ಮ್ಯಾಲೆ ಹಾಕೀರಾ!” ಎಂದು ಚಿಕ್ಕಣ್ಣ ತಳದಿಂದ ಕೂಗಿದಾಗ ಹಗ್ಗ ಹಿಡಿದವರೆಲ್ಲ ನಕ್ಕ ನಗೆಗೆ ಅವರ ಕೈ ಸಡಿಲವಾಯಿತು. ಮಧ್ಯಾಹ್ನ ಒಂದೇ ಸಾಲಿನಲ್ಲಿ ಮುದ್ದೆ ಉಂಡರು. ಅದೇ ಜನ ಮುಂದೆ ಸ್ಕೂಲಿಗೆ ಕೋಣೆ ಕಟ್ಟಿದರು, ಚರಂಡಿ ತೋಡಿದರು. ಇಂಥ ಊರಿನ ವರದಿಗಾರ ನಾನು.

ಆದರೆ — ಮುನಿಶಾಮಪ್ಪನವರು ತೆತ್ತದ್ದನ್ನು ನಾನು ಎಲ್ಲಿಯೂ ಬರೆಯಲಿಲ್ಲ. “ನಮ್ಮುನ್ ಕೇಳ್ದೆ ತಲೆ ಬಗ್ಸ್‌ಬಿಟ್ಯಲ್ಲಣ್ಣ” ಎಂದು ಅವರ ಬೀದಿಯವರೇ ಹಂಗಿಸಿದರು. ಯಜಮಾನಿಕೆ ಕಿತ್ತು ಅವರ ದಾಯಾದಿಗೆ ಕೊಟ್ಟರು. ಮರುವರ್ಷ ಹಗ್ಗದ ಮೊದಲ ಹಿಡಿ ಅವರದಾಗಿರಲಿಲ್ಲ. ಸಾಲಿನ ಕೊನೆಯಲ್ಲಿ ನಿಂತು ಎಳೆದರು. ನಾನು ನೋಡುತ್ತಿದ್ದೆ. ಆ ಸುದ್ದಿ ನಾನು ಕಟ್ಟಿದ್ದು ಎಂಬ ಒಂದು ಮಾತು ಸಾಕಿತ್ತು. ಆಡಲಿಲ್ಲ. ಸುಳ್ಳು ಓದುವವನೆಂದರೆ ನನ್ನ ಪೇಪರನ್ನು ಯಾರು ಕೇಳುತ್ತಾರೆ — ಅಷ್ಟೇ ನನ್ನ ಚಿಂತೆ.

ಕೆಲವು ವರ್ಷಗಳ ಮೇಲೆ ಬಸ್ ನಿಲ್ದಾಣದಲ್ಲಿ ಅವರು ಮೊಮ್ಮಗಳಿಗೆ ಪೇಪರ್ ಓದಿ ಹೇಳುತ್ತಿದ್ದರು — ಸರಾಗವಾಗಿ, ಒಂದಕ್ಷರವೂ ತಡವರಿಸದೆ. ನಾನು ನಿಂತುಬಿಟ್ಟೆ. ತಲೆ ಎತ್ತಿ ನೋಡಿದರು.

“ಅವತ್ತಿನ ಪೇಪರ್ ನನ್ತಾವೇ ಐತೆ ಕಣಯ್ಯ. ಯಾರಿಗೂ ತೋರ್ಸಿಲ್ಲ.”

ಅವರ ಕಾಲಿಗೆ ಬೀಳಬೇಕಿತ್ತು. ಬಸ್ ಬಂತೆಂದು ಹತ್ತಿಬಿಟ್ಟೆ.

ಇಲ್ಲಿಯವರೆಗೆ ಬರೆದದ್ದನ್ನು ಈ ವರ್ಷ, 1977ರ ಬೇಸಿಗೆಯಲ್ಲಿ, ಹೂಳು ಎತ್ತುವ ದಿನ ಅದೇ ಕಟ್ಟೆಯ ಮೇಲೆ ಓದಿದೆ. ಮುನಿಶಾಮಪ್ಪನವರು ಎದುರಿಗೇ ಕುಳಿತಿದ್ದರು. ಓದಿ ಮುಗಿದಾಗ ಯಜಮಾನನಾಗಿದ್ದ ಅವರ ದಾಯಾದಿ ಎದ್ದು ಹೋಗಿ ಹಗ್ಗ ತಂದು ಅವರ ಮುಂದೆ ಹಿಡಿದ. ಅವರು ಮೊದಲ ಹಿಡಿ ಹಿಡಿದರು. ತಮ್ಮ ಹಿಂದೆ ನಿಲ್ಲುವಂತೆ ನನಗೆ ಸನ್ನೆ ಮಾಡಿದರು. ಸಂಜೆಯ ಹೊತ್ತಿಗೆ ಬಾವಿಯಲ್ಲಿ ಮೊಣಕಾಲುದ್ದ ತಿಳಿನೀರು ಬಂದಿತ್ತು.