ಐದು ಸ್ಟಾರಿನ ಸುಡೊಕು ಮತ್ತು ನನ್ನ ಮಂಡೆ

ಸುಡೊಕು ಪುಸ್ತಕ ಕೊಳ್ಳುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಒಳಗೇನಿದೆ ಎಂದು ನೋಡುವ ಮೊದಲು ಕಾಗದ ನೋಡಿ. ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿ. ತೆಳು ಕಾಗದವಾದರೆ ರಬ್ಬರು ನಾಲ್ಕು ಸಲ ತಾಗುವಷ್ಟರಲ್ಲಿ ತೂತು ಬೀಳುತ್ತದೆ. ಆಮೇಲೆ ಅಂಕಿ ಕೂರಬೇಕಾದ ಆ ಮನೆಯಲ್ಲಿ ನೀವು ಏನು ಬರೆದರೂ ಹಿಂದಿನ ಪುಟದ ಅಂಕಿ ಇಣುಕಿ ನಗುತ್ತದೆ. ಬಂದರಿನಲ್ಲಿ ಹಗ್ಗ ಮತ್ತು ಟರ್ಪಾಲಿನ ಅಂಗಡಿಯನ್ನು ಸ್ವಂತ ಬಲದಿಂದ ಕಟ್ಟಿದವನು ನಾನು. ಟರ್ಪಾಲಿನ ಮೂಲೆಯನ್ನು ಉಗುರಿನಲ್ಲಿ ಕೆರೆದು ಅದು ಎಷ್ಟು ಮಳೆ ತಾಳುತ್ತದೆ ಎಂದು ಹೇಳಬಲ್ಲವನು ಕಾಗದ ಮುಟ್ಟದೆ ಪುಸ್ತಕ ಕೊಂಡೆ ಎಂದರೆ ನನ್ನ ಆಗಿನ ಸ್ಥಿತಿಯನ್ನು ನೀವೇ ಅಂದಾಜು ಮಾಡಿ.

ಮಳೆ ಹಿಡಿಯುವ ಸ್ವಲ್ಪ ಮೊದಲು, ಅಂಗಡಿಯಲ್ಲಿ ಗಿರಾಕಿಯೊಬ್ಬರ ಜತೆ ಚೌಕಾಸಿ ಮಾಡುತ್ತಿದ್ದಾಗ ನನ್ನ ಬಾಯಿ ಒಂದು ಬದಿಗೆ ಎಳೆಯಿತು. ಬಲಗೈಯ ಪೆನ್ನು ಬಿತ್ತು. ಹೇಳಬೇಕಾದ ಮಾತು ಮಂಡೆಯಲ್ಲಿ ಇತ್ತು, ನಾಲಿಗೆಗೆ ಬರಲಿಲ್ಲ. ನನ್ನ ತಮ್ಮ, ಅಂಗಡಿಯಲ್ಲಿ ನನ್ನ ಜತೆಗೇ ಇರುವವನು, ಒಂದು ಕ್ಷಣವೂ ಯೋಚಿಸದೆ ರಿಕ್ಷಾ ಹಿಡಿದು ಕಂಕನಾಡಿಯ ಆಸ್ಪತ್ರೆಗೆ ತಂದು ಹಾಕಿದ. "ಬೇಗ ತಂದ್ರಿ, ಒಳ್ಳೇದಾಯ್ತು. ಸಣ್ಣ ಸ್ಟ್ರೋಕ್" ಎಂದರು ಡಾಕ್ಟರು. ಬಾಯಿ ನೆಟ್ಟಗಾಯಿತು. ಕೈಗೆ ಬಲ ಬರಲು ದಿನವೂ ಅಂಕಿ ಬರೆಯಿರಿ ಎಂದು ಫಿಸಿಯೊಥೆರಪಿಯವಳು ಹೇಳಿದಳು. ಕೆಲವು ಮಾತುಗಳು ಮಾತ್ರ, ಅದೂ ಒಮ್ಮೊಮ್ಮೆ, ತುಟಿಯ ತನಕ ಬಂದು ಹಿಂದಕ್ಕೆ ಹೋಗುತ್ತಿದ್ದವು.

ಒಂದರಿಂದ ಒಂಬತ್ತು ಎಷ್ಟು ಸಲ ಬರೆಯುವುದು? ನಾನು ಎದ್ದು ಬಾಲ್ಕನಿಗೆ ಹೋಗುವುದು, ನಂತೂರು ಸರ್ಕಲಿನಲ್ಲಿ ಸಿಕ್ಕಿಹಾಕಿಕೊಂಡ ಲಾರಿಗಳ ಮೇಲೆ ಯಾರು ಎಂಥ ಟರ್ಪಾಲು ಹೊದೆಸಿದ್ದಾರೆ ಎಂದು ನೋಡುವುದು, ಒಳಗೆ ಬಂದು ಫ್ಯಾನು ಕಮ್ಮಿ ಮಾಡುವುದು, ಮತ್ತೆ ಜಾಸ್ತಿ ಮಾಡುವುದು, ಅಂಗಡಿಗೆ ಫೋನು ಮಾಡುವುದು. ಒಂದು ಬೆಳಿಗ್ಗೆ ಹೆಂಡತಿ ಪೇಪರಿನ ಸುಡೊಕು ಪುಟ ಮಡಚಿ ಮುಂದಿಟ್ಟಳು.

"ಇದು ಮಾಡಿ. ನಿಮಗೆ ಅಂಕಿ ಬರ್ದ ಹಾಗೂ ಆಯ್ತು, ನನಗೆ ಸ್ವಲ್ಪ ಶಾಂತಿಯೂ ಸಿಕ್ಕಿತು."

ನಿಯಮ ಸುಲಭ. ಅಡ್ಡಸಾಲು, ಕಂಬಸಾಲು, ಒಂಬತ್ತು ಮನೆಯ ಸಣ್ಣ ಚೌಕ, ಇವುಗಳಲ್ಲಿ ಒಂದರಿಂದ ಒಂಬತ್ತರವರೆಗೆ ಪ್ರತಿ ಅಂಕಿಯೂ ಒಂದೇ ಸಲ ಬರಬೇಕು. ಪೇಪರಿನದ್ದು ಚಹಾ ಆರುವ ಮೊದಲೇ ಮುಗಿಯಿತು. ಮರುದಿನದ್ದೂ ಮುಗಿಯಿತು. ಇಷ್ಟಾದದ್ದೇ, ನಾನು ಹೆಂಡತಿಯನ್ನು ಹೊರಡಿಸಿಕೊಂಡು ಹಂಪನಕಟ್ಟೆಯ ಪುಸ್ತಕದಂಗಡಿಗೆ ಹೋದೆ. ಅಲ್ಲಿ ಪುಸ್ತಕಗಳ ಮೇಲೆ ಸ್ಟಾರು ಹಾಕಿ ಜೋಡಿಸಿಟ್ಟಿದ್ದರು. ನಾನು ಐದು ಸ್ಟಾರಿನದ್ದಕ್ಕೆ ಕೈ ಹಾಕಿದೆ.

"ಮೊದಲು ಎರಡು ಸ್ಟಾರಿನದ್ದು ತಕೊಳ್ಳಿ" ಎಂದಳು ಹೆಂಡತಿ.

"ಎರಡನೇ ನಂಬ್ರದ ಮಾಲು ನಾನು ಎಂದಾದ್ರೂ ಮನೆಗೆ ತಂದದ್ದುಂಟಾ?"

"ಇದು ಟರ್ಪಾಲ್ ಅಲ್ಲ ಮಾರಾಯ್ರೇ."

ಅವಳ ಮಾತು ನಾನು ಕೇಳಲಿಲ್ಲ. ಮೂವತ್ತು ವರ್ಷ ವ್ಯಾಪಾರ ಮಾಡಿದವನಿಗೆ ಸ್ಟಾರು ಎಂದರೆ ಗುಣಮಟ್ಟ. ಅದು ಕಷ್ಟದ ಅಳತೆಯೂ ಆಗಬಹುದು ಎಂದು ಹೊಳೆಯುವುದೇ ಇಲ್ಲ.

ಆ ಪುಸ್ತಕದ ಮೇಲೆ ನಾನು ಏನನ್ನು ಪಣಕ್ಕಿಟ್ಟೆ ಎಂಬುದನ್ನು ಈಗ ಹೇಳುತ್ತೇನೆ. ಬೆಳಗಿನ ಹೊತ್ತು ಸ್ವಲ್ಪ ಸಮಯ ಅಂಗಡಿಗೆ ಹೋಗಬಹುದು ಎಂದು ಡಾಕ್ಟರು ಅದಾಗಲೇ ಒಪ್ಪಿಗೆ ಕೊಟ್ಟಿದ್ದರು. "ಅಣ್ಣ, ಕಾರು ಕಳಿಸ್ಲಾ?" ಎಂದು ತಮ್ಮ ದಿನವೂ ಕೇಳುತ್ತಿದ್ದ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿಯುವ ಸಮಯ ಹತ್ತಿರ ಬರುತ್ತಿತ್ತು. ಬೋಟಿನ ಮಾಲೀಕರು ಹಗ್ಗ ಕೊಳ್ಳುವುದು ಆಗಲೇ. "ನಾಳೆ ನೋಡುವ" ಎನ್ನುತ್ತಿದ್ದೆ ನಾನು. ಯಾಕೆಂದರೆ ಚೌಕಾಸಿಗೆ ಕೂರುವವನ ಮಂಡೆ ಪೂರ್ತಿ ಬೇಕು. ಗಿರಾಕಿಯ ಮುಖ, ನಿನ್ನೆಯ ರೇಟು, ಗೋಡೌನಿನಲ್ಲಿ ಉಳಿದದ್ದು, ಪಕ್ಕದಂಗಡಿಯವನು ಹೇಳಿರಬಹುದಾದದ್ದು, ಎಲ್ಲ ಒಟ್ಟಿಗೆ ಹಿಡಿದಿರಬೇಕು. ಅರ್ಧ ಮಂಡೆಯವನು ಅಲ್ಲಿ ಕೂತರೆ ಜನ ಪಾಪ ಎನ್ನುತ್ತಾರೆ, ಪಾಪ ಎನ್ನುತ್ತಲೇ ರೇಟು ಇಳಿಸಿಕೊಂಡು ಹೋಗುತ್ತಾರೆ. ಹಾಗಾಗಿ ಯಾರಿಗೂ ಹೇಳದೆ ತೀರ್ಮಾನಿಸಿದೆ: ಈ ಪುಸ್ತಕದ ಒಂದು ಪುಟವನ್ನಾದರೂ ಯಾರ ಸಹಾಯವೂ ಇಲ್ಲದೆ ಬಿಡಿಸಿದರೆ ಅಂಗಡಿಗೆ ಹೋಗುವುದು. ಆಗದಿದ್ದರೆ ಬೀಗದ ಕೈ ತಮ್ಮನಿಗೆ ಕೊಟ್ಟುಬಿಡುವುದು, ಅಂಗಡಿಯ ಆ ಕುರ್ಚಿಯ ಮುಖ ಮತ್ತೆ ನೋಡದಿರುವುದು.

ಆಗಲಿಲ್ಲ. ಒಂದು ಪುಟವೂ ಆಗಲಿಲ್ಲ.

ನಾನು ಮಾಡುತ್ತಿದ್ದದ್ದು ಬಂದರಿನ ಕ್ರಮ. ಅಲ್ಲಿ ಎದುರಿನವನ ಮನಸ್ಸು ತಿಳಿಯದಿದ್ದರೆ ಒಂದು ರೇಟು ಎಸೆದು ನೋಡುತ್ತೇವೆ. ಹುಬ್ಬು ಹಾರಿದರೆ ಹೆಚ್ಚಾಯಿತು, ಸುಮ್ಮನೆ ಚಹಾ ಕುಡಿದರೆ ಕಮ್ಮಿಯಾಯಿತು. ಇಲ್ಲಿಯೂ ಒಂದು ಮನೆಗೆ ಏಳೋ ಎರಡೋ ಎಂಬ ಸಂಶಯ ಬಂದಾಗ ಏಳನ್ನು ಎಸೆಯುತ್ತಿದ್ದೆ. ಆದರೆ ಸುಡೊಕುವಿಗೆ ಹುಬ್ಬಿಲ್ಲ. ಅದು ಏಳನ್ನು ತಕ್ಕೊಂಡು, ಅದರ ಹಿಂದೆ ಬಂದ ಮೂರನ್ನು, ಒಂಬತ್ತನ್ನು ತಕ್ಕೊಂಡು, ಅರ್ಧ ಪುಟ ತುಂಬುವವರೆಗೆ ಬಾಯಿ ಮುಚ್ಚಿಕೊಂಡಿದ್ದು, ಆಮೇಲೆ ಒಂದೇ ಸಾಲಿನಲ್ಲಿ ಎರಡು ಒಂದುಗಳನ್ನು ತೋರಿಸುತ್ತದೆ. ಅಷ್ಟರಲ್ಲಿ ಯಾವುದು ನಿಜವಾಗಿ ಕಂಡ ಅಂಕಿ, ಯಾವುದು ಎಸೆದದ್ದು ಎಂದು ನನಗೆ ನೆನಪೇ ಇರುತ್ತಿರಲಿಲ್ಲ. ಉಜ್ಜಿದೆ, ತೂತಾಯಿತು. ಮುಂದಿನ ಪುಟ, ಅಲ್ಲೂ ಅದೇ. ಮರೆಯುತ್ತಿದ್ದೇನೆ, ಹಾಗಾದರೆ ಹೋಗಿದೆ, ಒಳಗೆ ಏನೋ ಹೋಗಿದೆ ಎಂದುಕೊಂಡೆ. ಊಟಕ್ಕೆ ಕೂತಲ್ಲಿಂದ ಎದ್ದು ಹೋಗಿ ಮತ್ತೊಂದು ಮನೆ ನೋಡಿ ಬರುತ್ತಿದ್ದೆ. ಹೆಂಡತಿ ಮಾತಾಡಿಸಿದರೆ ಸಿಡುಕುತ್ತಿದ್ದೆ.

ನಮ್ಮ ಕಟ್ಟಡದ ಕೆಳಮನೆಯಲ್ಲಿ ಹೈಸ್ಕೂಲಿನ ಗಣಿತ ಟೀಚರಾಗಿ ನಿವೃತ್ತರಾದ ಕೊಂಕಣಿ ಮಾತಾಡುವ ಹೆಂಗಸೊಬ್ಬರಿದ್ದಾರೆ. ನಮಗೆಲ್ಲ ಅವರು ಟೀಚರೇ. ಒಂದು ಸಂಜೆ ಹೆಂಡತಿಗೆ ಸಣ್ಣಾಂ ಎಂಬ ತಮ್ಮ ಕಡೆಯ ಇಡ್ಲಿ ಕೊಡಲು ಮೇಲೆ ಬಂದವರು ಮೇಜಿನ ಮೇಲಿನ ಪುಸ್ತಕ ಕಂಡರು. ಬಟ್ಟಲು ಇಟ್ಟು ಕನ್ನಡಕ ಹಾಕಿದರು.

"ಅಯ್ಯೋ ದೇವಾ, ಇದೆಂತ? ಪುಟ ಎಲ್ಲ ಇಲಿ ತಿಂದ ಹಾಗೆ!"

"ಆಗುದಿಲ್ಲ ಟೀಚರ್. ಮಂಡೆ ಹೋಯ್ತು ನಂದು."

"ಮಂಡೆ ಹೋದದ್ದಲ್ಲ. ನೀವು ಗೆಸ್ ಮಾಡ್ತಾ ಇದ್ದೀರಿ. ಹೌದಾ, ಅಲ್ವಾ?"

"ಮತ್ತೆ ಗೆಸ್ ಮಾಡದೆ ವ್ಯಾಪಾರ ಆಗ್ತದಾ?"

"ವ್ಯಾಪಾರ ಬಂದರ್‌ನಲ್ಲಿ ಮಾಡಿ. ನನ್ನ ಕ್ಲಾಸಲ್ಲಿ ಗೆಸ್ ಮಾಡಿದವರನ್ನು ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ. ಸ್ಟ್ರೋಕ್‌ಗಿಂತ ಮೊದ್ಲು ಇಂಥದ್ದು ಎಷ್ಟು ಬಿಡಿಸಿದ್ದೀರಿ?"

"ಮೊದಲು ಸುಡೊಕು ಮುಟ್ಟಿದ್ದೇ ಇಲ್ಲ."

ಟೀಚರ್ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಇಲ್ಲದ್ದು ಹೇಗೆ ಹೋಗ್ತದೆ ಮಾರಾಯ್ರೇ? ಇದಕ್ಕೆ ದಾರಿ ಉಂಟು, ಕಲೀಬೇಕು. ಕಲಿಯದೆ ನನಗೂ ಬರುದಿಲ್ಲ."

ಹೆಂಡತಿ ಅಡಿಗೆಮನೆಯಿಂದಲೇ, "ಅವರಿಗೆ ಕಲಿಸ್ಲಿಕ್ಕೆ ಹೋಗ್ಬೇಡಿ ಟೀಚರ್, ನಿಮಗೇ ಬುದ್ಧಿ ಹೇಳಿ ಕಳಿಸ್ತಾರೆ" ಎಂದಳು.

ಅದೂ ಸುಳ್ಳಲ್ಲ. ಮೊದಲ ದಿನವೇ ಪೆನ್ಸಿಲಿನ ಬ್ರ್ಯಾಂಡಿನ ಬಗ್ಗೆ ಅವರಿಗೆ ನಾನು ಸಲಹೆ ಕೊಟ್ಟೆ. ಅವರು ಕೇಳಿಸಿಕೊಳ್ಳದ ಹಾಗೆ ಮಾಡಿ, ಪ್ರತಿ ಖಾಲಿ ಮನೆಯ ಮೂಲೆಯಲ್ಲಿ ಅಲ್ಲಿ ಕೂರಬಹುದಾದ ಅಂಕಿಗಳನ್ನೆಲ್ಲ ಸಣ್ಣದಾಗಿ ಬರೆಸಿದರು. ಅದು ಬರೆಯುವುದಕ್ಕಲ್ಲ, ಹೊಡೆದು ಹಾಕುವುದಕ್ಕೆ. ಸಣ್ಣ ಅಂಕಿಗಳನ್ನು ಹೊಡೆಯುತ್ತಾ ಹೋಗಿ ಒಂದೇ ಉಳಿದಾಗ ಮಾತ್ರ ಅದನ್ನು ದೊಡ್ಡದಾಗಿ ಬರೆಯಬೇಕು. ಒಂದು ಸಾಲಿನ ಎರಡು ಮನೆಗಳಲ್ಲಿ ಎರಡು ಮತ್ತು ಏಳು ಮಾತ್ರ ಇದ್ದರೆ ಆ ಎರಡೂ ಅಂಕಿಗಳು ಅಲ್ಲಿಗೇ ಬುಕ್ಕಾದವು. ಸಾಲಿನ ಬೇರೆ ಮನೆಗಳಿಂದ ಹೊಡೆಯಿರಿ. ಇದು ನನಗೆ ತಕ್ಷಣ ಹಿಡಿಯಿತು, ಇಬ್ಬರು ಪಾರ್ಟಿಗಳು ಎರಡು ಮಾಲು ಹಂಚಿಕೊಂಡ ಹಾಗೆ. ಎಕ್ಸ್-ವಿಂಗ್ ಎಂಬುದಕ್ಕೆ ಹೆಚ್ಚು ದಿನ ಬೇಕಾಯಿತು. ನಾಲ್ಕು ಎಂಬ ಅಂಕಿಗೆ ಮೇಲಿನ ಒಂದು ಅಡ್ಡಸಾಲಿನಲ್ಲಿ ಎರಡೇ ಜಾಗ, ಕೆಳಗಿನ ಇನ್ನೊಂದರಲ್ಲೂ ಎರಡೇ ಜಾಗ, ಆ ಜಾಗಗಳು ನೇರ ಒಂದರ ಕೆಳಗೊಂದು ಬಂದವೆನ್ನಿ. ಆಗ ಆ ಎರಡು ಕಂಬಸಾಲುಗಳಲ್ಲಿ ಬೇರೆಲ್ಲಿಯೂ ನಾಲ್ಕು ಕೂರುವುದಿಲ್ಲ.

ನನ್ನನ್ನು ನಿಜವಾಗಿ ಅಲ್ಲಾಡಿಸಿದ್ದು ಎಕ್ಸ್‌ವೈ-ವಿಂಗ್. ಅದರಲ್ಲಿ ಮೂರು ಮನೆ. ನಡುವಿನದರಲ್ಲಿ ಮೂರು ಅಥವಾ ಎಂಟು. ಅದೇ ಸಾಲಿನ ಇನ್ನೊಂದರಲ್ಲಿ ಮೂರು ಅಥವಾ ಐದು. ಅದೇ ಚೌಕದ ಮತ್ತೊಂದರಲ್ಲಿ ಎಂಟು ಅಥವಾ ಐದು. ನಡುವಿನವನನ್ನು ದಲ್ಲಾಳಿ ಎಂದು ಇಟ್ಟುಕೊಳ್ಳಿ. ಅವನು ಮೂರನ್ನು ಎತ್ತಿಕೊಂಡರೆ ಮೊದಲನೆಯವನಿಗೆ ಐದೇ ಗತಿ. ಎಂಟನ್ನು ಎತ್ತಿಕೊಂಡರೆ ಎರಡನೆಯವನಿಗೆ ಐದೇ ಗತಿ. ಹೇಗೆ ಹೋದರೂ ಇಬ್ಬರಲ್ಲಿ ಒಬ್ಬನಿಗೆ ಐದು ಹೋಯಿತು. ಹಾಗಾಗಿ ಆ ಇಬ್ಬರ ಕಣ್ಣಿಗೂ ಬೀಳುವ, ಅಂದರೆ ಇಬ್ಬರ ಸಾಲಿಗೋ ಚೌಕಕ್ಕೋ ಸೇರಿದ ಮನೆಯಲ್ಲಿ ಐದು ಇರಲಾರದು.

"ಆದ್ರೆ ಯಾರಿಗೆ ಹೋಯ್ತು ಅಂತ ಗೊತ್ತಿಲ್ಲ ಅಲ್ವಾ ಟೀಚರ್?"

"ಗೊತ್ತಾಗ್ಬೇಕಾಗಿಲ್ಲ."

"ಗೊತ್ತಾಗದೆ ಹೇಗೆ ಹೊಡೆದು ಹಾಕುದು? ಪಾರ್ಟಿ ಯಾರೂಂತ ತಿಳಿಯದೆ ನಾನು ಮಾಲು ಬಿಟ್ಟದ್ದೇ ಇಲ್ಲ."

"ಅದಕ್ಕೇ ನಿಮಗೆ ನಿದ್ರೆ ಬರುದಿಲ್ಲ" ಎಂದು ಟೀಚರ್ ಎದ್ದು ಹೋದರು.

ಕಲಿಸಿದ ಮೇಲೆ ಅವರು ಸಹಾಯ ನಿಲ್ಲಿಸಿದರು, ನಾನೇ ನಿಲ್ಲಿಸಲು ಹೇಳಿದೆ. ನನ್ನ ಪಣದ ವಿಷಯ ಅವರಿಗೂ ಹೇಳಿರಲಿಲ್ಲ. ತೂತಿಲ್ಲದ ಒಂದು ಪುಟ ಆರಿಸಿ, ಒಂದು ಮಧ್ಯಾಹ್ನ ಹೆಂಡತಿ ತಂಗಿಯ ಮನೆಗೆ ಹೋದಾಗ ಬಾಗಿಲು ಹಾಕಿ ಕೂತೆ. ಕೂತೆ ಎಂದರೆ ಸರಿಯಾಗುವುದಿಲ್ಲ; ನಾಲ್ಕು ಮನೆ ನೋಡುವುದು, ಎದ್ದು ಮೇಜಿಗೆ ಸುತ್ತು ಬರುವುದು, ನಿಂತೇ ಒಂದು ಅಂಕಿ ಹೊಡೆಯುವುದು. ಜೋಡಿಗಳು ಕಂಡವು. ಎಕ್ಸ್-ವಿಂಗ್ ಒಂದು ಸಿಕ್ಕಿತು. ಆಮೇಲೆ ಎಲ್ಲ ನಿಂತುಹೋಯಿತು. ಕೈ ಒಂದು ಅಂಕಿ ಎಸೆಯಲು ತುರಿಸುತ್ತಿತ್ತು. ಎಡಗೈಯಿಂದ ಬಲಗೈ ಹಿಡಿದುಕೊಂಡು ನೋಡಿದೆ, ಮತ್ತೆ ನೋಡಿದೆ. ಕೆಳಗಿನ ಮೂಲೆಯಲ್ಲಿ ದಲ್ಲಾಳಿ ಕೂತಿದ್ದ! ಒಂದು, ಆರು. ಅವನ ಎರಡು ಪಾರ್ಟಿಗಳೂ ಅಲ್ಲಿದ್ದರು, ಇಬ್ಬರ ಬಾಯಲ್ಲೂ ಒಂಬತ್ತು. ಸರಸರ ಒಂಬತ್ತುಗಳನ್ನು ಹೊಡೆದೆ. ಮನೆಗಳು ಒಂದರ ಹಿಂದೆ ಒಂದು ತುಂಬಿದವು. ಕೊನೆಯ ಚೌಕಕ್ಕೆ ಬಂದಾಗ ಅದರಲ್ಲಿ ಆರು ಎರಡು ಸಲ ಬಂದಿತ್ತು.

ಪೆನ್ಸಿಲು ಕೆಳಗಿಟ್ಟೆ. ಕೆಳಗಿಳಿದು ಟೀಚರ್ ಮನೆಯ ಬೆಲ್ಲು ಒತ್ತಿದೆ, ಪುಸ್ತಕ ಮುಂದೆ ಹಿಡಿದೆ. "ಮುಗೀತು ಟೀಚರ್. ತಮ್ಮನಿಗೆ ಬೀಗದ ಕೈ ಕೊಡ್ತೇನೆ." ಪಣದ ಕಥೆ ಎಲ್ಲ ಅಲ್ಲೇ ಬಾಗಿಲಲ್ಲಿ ನಿಂತು ಹೊರಗೆ ಬಂತು.

ಅವರು ಪುಸ್ತಕ ಮುಟ್ಟಲಿಲ್ಲ. "ನನಗೆ ತೋರಿಸ್ಬೇಡಿ. ಈ ಸಲ ಗೆಸ್ ಮಾಡಿದ್ದುಂಟಾ?"

"ಒಂದೂ ಇಲ್ಲ."

"ಹಾಗಾದ್ರೆ ತಪ್ಪು ಒಂದು ಕಡೆ ಉಂಟು, ಅದು ಎಲ್ಲಿಗೂ ಓಡಿ ಹೋಗುದಿಲ್ಲ. ಹಿಂದೆ ಹೋಗಿ ಹುಡುಕಿ. ಮಂಡೆ ಕೆಟ್ಟವರಿಗೆ ಹಿಂದೆ ಹೋಗ್ಲಿಕ್ಕೆ ಆಗುದಿಲ್ಲ, ಬರೇ ಕೋಪ ಮಾಡ್ತಾರೆ. ಹೋಗಿ, ನನ್ನ ಮೀನು ಒಲೆಯಲ್ಲುಂಟು."

ಬಾಗಿಲು ಹಾಕಿಕೊಂಡರು. ಕೋಪದಲ್ಲೇ ಮೆಟ್ಟಿಲು ಹತ್ತಿದೆ. ಮೊದಲಿನ ಹಾಗಲ್ಲ, ಈ ಸಲ ಪ್ರತಿ ಅಂಕಿಗೂ ಕಾರಣವಿತ್ತು. ಆರು ಯಾಕೆ ಬಂತು, ನಾಲ್ಕು ಹೊಡೆದದ್ದರಿಂದ. ನಾಲ್ಕು ಯಾಕೆ ಹೊಡೆದೆ, ಅದೇ ಕಂಬಸಾಲಿನಲ್ಲಿ ಮೇಲೆ ಇನ್ನೊಂದು ನಾಲ್ಕು ಕೂತದ್ದರಿಂದ. ಹೀಗೆ ಒಂದೊಂದೇ ಮೆಟ್ಟಿಲು ಹಿಂದೆ ಹೋಗಿ ದಲ್ಲಾಳಿಯ ಹತ್ತಿರ ಬಂದು ನಿಂತೆ. ಅಲ್ಲಿತ್ತು. ಎರಡೂ ಪಾರ್ಟಿಗಳ ಕಣ್ಣಿಗೆ ಬೀಳುವ ಮನೆಯಿಂದ ಮಾತ್ರ ಒಂಬತ್ತು ಹೊಡೆಯಬೇಕಿತ್ತು. ಆಸೆಯಲ್ಲಿ ಪಕ್ಕದ ಮನೆಯದ್ದನ್ನೂ ಹೊಡೆದಿದ್ದೆ, ಅದು ಒಬ್ಬನ ಕಣ್ಣಿಗೆ ಮಾತ್ರ ಬೀಳುತ್ತಿತ್ತು. ಆ ಒಂದು ಒಂಬತ್ತನ್ನು ವಾಪಸು ಬರೆದು, ಅಲ್ಲಿಂದ ಮುಂದಿನದ್ದನ್ನೆಲ್ಲ ಮೆಲ್ಲಗೆ, ಕಾಗದ ಹರಿಯದ ಹಾಗೆ ಉಜ್ಜಿದೆ. ಹೆಂಡತಿ ಬಂದು ಚಪ್ಪಲಿ ಬಿಡುವಾಗ ಕೊನೆಯ ಮನೆ ತುಂಬಿತು.

"ನಾಳೆ ಕಾರು ಕಳಿಸ್ಲಿಕ್ಕೆ ಹೇಳು" ಎಂದೆ.

"ಯಾರು ಬೇಡ ಅಂದದ್ದು ಇಷ್ಟು ದಿನ?" ಎಂದು ಅವಳು ಫೋನು ನನ್ನ ಕೈಗೇ ಕೊಟ್ಟಳು.

ಅಂಗಡಿಯಲ್ಲಿ ತಮ್ಮ ಕುರ್ಚಿ ಒರೆಸಿ ಇಟ್ಟಿದ್ದ. ಹತ್ತು ಗಂಟೆಯ ಹೊತ್ತಿಗೆ ಬೋಟಿನ ಮಾಲೀಕರೊಬ್ಬರು, ಹಳೆಯ ಗಿರಾಕಿ, ಮಳೆಗೆ ನೆನೆದು ಒಳಗೆ ಬಂದರು. "ಹುಷಾರಾದ್ರಾ? ಪಾಪ, ಎಷ್ಟು ಬಡಕಲಾಗಿದ್ದೀರಿ" ಎಂದರು. ಪಾಪ ಎಂದದ್ದು ಕೇಳಿಯೇ ನಾನು ಎಚ್ಚರಾದೆ. ಅವರಿಗೆ ಯಾವ ಹಗ್ಗ ಬೇಕು ಎಂದು ನನಗೆ ಗೊತ್ತಿತ್ತು, ಅದರ ರೇಟು ಗೊತ್ತಿತ್ತು, ಅದು ಗೋಡೌನಿನ ಯಾವ ಮೂಲೆಯಲ್ಲಿದೆ ಎಂದೂ ಗೊತ್ತಿತ್ತು. ಹಗ್ಗದ ಹೆಸರು ಮಾತ್ರ ನಾಲಿಗೆಗೆ ಬರಲಿಲ್ಲ. ತಮ್ಮ ಬಾಯಿ ತೆರೆದ. ನಾನು ಕೈ ಎತ್ತಿ ತಡೆದು, ಆಗದ ಹಗ್ಗಗಳನ್ನು ಒಂದೊಂದೇ ಹೊಡೆದು ಹಾಕಲು ಹೊರಟೆ.

"ನಿಮ್ಮ ಬೋಟಿಗೆ ನಾರಿನ ಹಗ್ಗ ಆಗುದಿಲ್ಲ" ಎಂದೆ. "ನೈಲಾನ್ ಭಾರ, ನೀರಲ್ಲಿ ಮುಳುಗ್ತದೆ. ಕಳೆದ ಸಲ ಬೇರೆ ಕಡೆಯಿಂದ ತಂದದ್ದು ಬಿಸಿಲಿಗೆ ಪುಡಿ ಆಗಿರ್ಬೇಕು."

"ಹೌದು ಮಾರಾಯ್ರೇ, ನಿಮಗೆ ಯಾರು ಹೇಳಿದ್ದು? ಆ ತೇಲುವ ಪ್ಲಾಸ್ಟಿಕ್‌ದು, ಪಿಪಿ ಹಗ್ಗವೇ ಕೊಡಿ, ನಿಮ್ಮ ಅಂಗಡಿದೇ. ಆದ್ರೆ ರೇಟು ಸರಿ ಮಾಡ್ಬೇಕು. ಹುಷಾರಾಗಿ ಬಂದ ಲೆಕ್ಕದಲ್ಲಾದ್ರೂ."

ನಾನು ರೇಟು ಹೇಳಿದೆ. ಅವರು ಎದ್ದರು. ಬಾಗಿಲ ತನಕ ಹೋದರು. ನನ್ನ ಕಾಲು ಮೇಜಿನ ಕೆಳಗೆ ಒಂದೇ ಸಮ ಕುಣಿಯುತ್ತಿತ್ತು, ಅದು ಅವರಿಗೆ ಕಾಣುವಂತಿರಲಿಲ್ಲ. ನಾನು ತಮ್ಮನ ಕಡೆ ತಿರುಗಿ ಚಹಾ ಹೇಳು ಎಂದೆ.

"ಎಷ್ಟು?" ಎಂದ ತಮ್ಮ.

"ಮೂರು" ಎಂದೆ. ಅವರು ವಾಪಸು ಬಂದು ಕೂತರು.